ಮೈಸೂರಿನ ಛಾಯಾಗ್ರಹಣ ತಾಣಗಳು

ಮೈಸೂರಿನ ಛಾಯಾಗ್ರಹಣ ತಾಣಗಳು ಕರ್ನಾಟಕದ ಮೈಸೂರು ನಗರದಲ್ಲಿಯೂ ಅದರಿಂದ ಸುಮಾರು 40 ಕಿ.ಮೀ. ಒಳಗಿನ ಪ್ರದೇಶದಲ್ಲಿಯೂ ಹರಡಿಕೊಂಡಿವೆ. ಅಂಬಾವಿಲಾಸ ಅರಮನೆ, ಚಾಮುಂಡಿ ಬೆಟ್ಟ, ದೇವರಾಜ ಮಾರುಕಟ್ಟೆ, ಕುಕ್ಕರಹಳ್ಳಿ ಮತ್ತು ಕಾರಂಜಿ ಕೆರೆಗಳು, ಸಂತ ಫಿಲೋಮಿನಾ ಚರ್ಚ್, ಶ್ರೀರಂಗಪಟ್ಟಣ, ರಂಗನತಿಟ್ಟು ಮತ್ತು ಸೋಮನಾಥಪುರ ಇವುಗಳಲ್ಲಿ ಪ್ರಮುಖವಾದವು. ಬೆಂಗಳೂರಿನಿಂದ ಸುಮಾರು 145 ಕಿ.ಮೀ. ದೂರದಲ್ಲಿರುವ ಈ ನಗರಕ್ಕೆ ಶನಿವಾರ ಮತ್ತು ಭಾನುವಾರದ ಪ್ರವಾಸಕ್ಕೆಂದು ಬರುವವರು ಹಿಂದಿನಿಂದಲೂ ಬಹಳ. 2023ರಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾದ ಬಳಿಕ ಈ ಪ್ರವಾಸ ಇನ್ನಷ್ಟು ಸುಲಭವಾಗಿದೆ.

ಈ ಸ್ಥಳಗಳಲ್ಲಿ ಯಾವುದೂ ಗುಟ್ಟಿನದಲ್ಲ. ಎಲ್ಲವೂ ಪ್ರವಾಸಿ ಕೈಪಿಡಿಗಳಲ್ಲಿ ಬಹುಕಾಲದಿಂದ ಇವೆ. ಇಲ್ಲಿ ಚಿತ್ರ ಚೆನ್ನಾಗಿ ಬರುವುದು ಹೊತ್ತು, ದಿಕ್ಕು ಮತ್ತು ಋತುಗಳ ಮೇಲೆ ನಿಂತಿದೆ. ಅರಮನೆಯ ವಾರದ ದೀಪಾಲಂಕಾರ ಒಂದು ಗಂಟೆಯೂ ಉಳಿಯುವುದಿಲ್ಲ, ಮಾರುಕಟ್ಟೆಯ ಹೂವಿನ ಸಾಲಿನ ಸೊಗಸು ಬಿಸಿಲು ಏರುವ ಮೊದಲು, ಕೆರೆಯ ಮಂಜು ಚಳಿಗಾಲದ ಬೆಳಗಿನಲ್ಲಿ ಮಾತ್ರ. ಎರಡೇ ದಿನಗಳ ಅವಕಾಶ ಇರುವವರು ಸ್ಥಳಗಳ ಪಟ್ಟಿ ಮಾಡುವ ಮೊದಲು ವೇಳೆಯ ಲೆಕ್ಕ ಹಾಕಬೇಕಾಗುತ್ತದೆ. ಇವುಗಳಲ್ಲಿ ಕೆಲವು ದೃಶ್ಯಗಳು, ವಿಶೇಷವಾಗಿ ಹಳೆಯ ಪೇಟೆಯ ಕಟ್ಟಡಗಳು, ಮುಂದೆಯೂ ಹೀಗೆಯೇ ಉಳಿಯುತ್ತವೆ ಎಂಬ ಭರವಸೆಯಿಲ್ಲ.

ಬೆಳಕು ಮತ್ತು ಋತು

ಮೈಸೂರು ಸಮಭಾಜಕ ವೃತ್ತದಿಂದ ಸುಮಾರು 12.3 ಡಿಗ್ರಿ ಉತ್ತರದಲ್ಲಿದೆ. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 770 ಮೀಟರ್. ಸಮಭಾಜಕಕ್ಕೆ ಹತ್ತಿರವಿರುವುದರಿಂದ ಹಗಲಿನ ಅವಧಿ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಸೂರ್ಯೋದಯವು ಸ್ಥೂಲವಾಗಿ ಬೆಳಿಗ್ಗೆ 6ರಿಂದ 6.50ರ ನಡುವೆ, ಸೂರ್ಯಾಸ್ತವು ಸಂಜೆ 6ರಿಂದ 6.50ರ ನಡುವೆ ಆಗುತ್ತದೆ. ಸೂರ್ಯ ಇಲ್ಲಿ ಬಹುಮಟ್ಟಿಗೆ ನೆಟ್ಟಗೆ ಏರುತ್ತಾನೆ, ನೆಟ್ಟಗೆ ಇಳಿಯುತ್ತಾನೆ. ಆದ್ದರಿಂದ ಎಳೆಬಿಸಿಲು ಮತ್ತು ಮುಸ್ಸಂಜೆ ಎರಡೂ ಬೇಗ ಮುಗಿಯುತ್ತವೆ. ಸೂರ್ಯ ಮುಳುಗಿದ ಮೇಲೆ ಆಕಾಶದಲ್ಲಿ ಗಾಢ ನೀಲಿ ಉಳಿಯುವುದು ಇಪ್ಪತ್ತು, ಇಪ್ಪತ್ತೈದು ನಿಮಿಷ ಮಾತ್ರ. ಯುರೋಪಿನ ಬೇಸಿಗೆಯ ದೀರ್ಘ ಸಂಜೆಗಳನ್ನು ಗಮನದಲ್ಲಿಟ್ಟು ಬರೆದ ಛಾಯಾಗ್ರಹಣದ ಪುಸ್ತಕಗಳ ಸಲಹೆ ಇಲ್ಲಿ ಅಷ್ಟಾಗಿ ನಡೆಯುವುದಿಲ್ಲ.

ವರ್ಷದಲ್ಲಿ ಎರಡು ಬಾರಿ, ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲಿ ಮತ್ತು ಆಗಸ್ಟ್ ಮೂರನೆಯ ವಾರದಲ್ಲಿ, ಮಧ್ಯಾಹ್ನದ ಸೂರ್ಯ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆ ಎರಡು ದಿನಗಳ ನಡುವಿನ ಅವಧಿಯಲ್ಲಿ ನಡುಹಗಲಿನ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ದಕ್ಷಿಣದಿಂದ. ಹಾಗಾಗಿ ಡಿಸೆಂಬರ್‌ನಲ್ಲಿ ಇಡೀ ದಿನ ನೆರಳಿನಲ್ಲಿರುವ ಉತ್ತರದ ಗೋಡೆಯೊಂದು ಜೂನ್‌ನಲ್ಲಿ ಬೆಳಗಬಹುದು. ನಡುಹಗಲಿನ ಬಿಸಿಲಿನಲ್ಲಿ ಸಜ್ಜೆ, ಕಮಾನುಗಳ ಕೆಳಗೆ ಕಡುಗಪ್ಪು ನೆರಳು ಬೀಳುವುದರಿಂದ ಆ ಹೊತ್ತನ್ನು ವಸ್ತುಸಂಗ್ರಹಾಲಯಗಳಿಗೋ ಊಟಕ್ಕೋ ಪ್ರಯಾಣಕ್ಕೋ ಮೀಸಲಿಡುವುದು ವಾಡಿಕೆ.

ನವೆಂಬರ್‌ನಿಂದ ಫೆಬ್ರುವರಿವರೆಗೆ ಆಕಾಶ ತಿಳಿಯಾಗಿರುತ್ತದೆ, ಬೆಳಗಿನಲ್ಲಿ ಕೆರೆಗಳ ಮೇಲೂ ಬೆಟ್ಟದ ಬುಡದಲ್ಲಿಯೂ ಮಂಜು ಕಾಣುತ್ತದೆ. ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ದೂರದ ದೃಶ್ಯಗಳು ಬಿಸಿಲಿನ ಧಗೆಗೆ ಮಸುಕಾಗುತ್ತವೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಬಳಿಕ ಗಾಳಿ ತೊಳೆದಂತಾಗಿ ಬೆಟ್ಟದ ಮೇಲಿನಿಂದ ನಗರ ಸ್ಪಷ್ಟವಾಗಿ ಕಾಣುವ ಸಂಜೆಗಳು ಸಿಗುತ್ತವೆ. ಮಳೆಗಾಲದ ಮೋಡಗಳನ್ನು ಪ್ರವಾಸಿಗಳು ಸಾಮಾನ್ಯವಾಗಿ ದೂರುತ್ತಾರೆ. ಮಾರುಕಟ್ಟೆ, ಬೀದಿ ಮತ್ತು ಮುಖಚಿತ್ರಗಳಿಗೆ ಆ ಹದವಾದ ಬೆಳಕೇ ಹೆಚ್ಚು ಅನುಕೂಲ.

ಅರಮನೆ

ಇಂದಿನ ಅಂಬಾವಿಲಾಸ ಅರಮನೆಯು 1912ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಮುಂಚೆ ಅಲ್ಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾಯಿತು. ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಹೊಸ ಕಟ್ಟಡವನ್ನು ಇಂಡೋ-ಸಾರ್ಸೆನಿಕ್ ಶೈಲಿಯಲ್ಲಿ ವಿನ್ಯಾಸಗೊಳಿಸಿದರು. ಬೂದು ಬಣ್ಣದ ಕಲ್ಲಿನ ಗೋಡೆಗಳು, ಗುಲಾಬಿ ಛಾಯೆಯ ಗುಮ್ಮಟಗಳು ಮತ್ತು ನಡುವೆ ಏರುವ ಚಿನ್ನದ ಕಳಶದ ಗೋಪುರ ಅದರ ಗುರುತು.

ಅರಮನೆಯ ಮುಂಭಾಗ ಪೂರ್ವಕ್ಕಿದೆ. ಇದರಿಂದಾಗಿ ಮುಖದ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ. ಮಧ್ಯಾಹ್ನದ ನಂತರ ಸೂರ್ಯ ಕಟ್ಟಡದ ಹಿಂದೆ ಹೋಗುತ್ತಾನೆ. ಅನೇಕರು ಸಂಜೆ ನಾಲ್ಕು, ಐದು ಗಂಟೆಗೆ ಬಂದು ಮಂಕಾದ ಮುಂಭಾಗ ಮತ್ತು ಬೆಳ್ಳಗಾದ ಆಕಾಶದ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಬೆಳಿಗ್ಗೆ ಬರುವವರಿಗೆ ಬೇರೊಂದು ತೊಡಕಿದೆ. ಅರಮನೆಯ ಆವರಣ ಪ್ರವಾಸಿಗಳಿಗೆ ತೆರೆಯುವುದು 10 ಗಂಟೆಗೆ, ಆ ವೇಳೆಗೆ ಎಳೆಬಿಸಿಲು ಕಳೆದಿರುತ್ತದೆ. ಇದಕ್ಕೆ ಉಪಾಯವೆಂದರೆ ಸೂರ್ಯೋದಯದ ನಂತರದ ಮೊದಲ ಗಂಟೆಯಲ್ಲಿ ಪೂರ್ವದ ಜಯಮಾರ್ತಾಂಡ ದ್ವಾರದ ಹೊರಗಿನಿಂದ ನೋಡುವುದು. ದ್ವಾರದ ದೊಡ್ಡ ಕಮಾನು ಅರಮನೆಗೆ ಚೌಕಟ್ಟಾಗುತ್ತದೆ. ಸ್ವಲ್ಪ ಹಿಂದೆ ಸರಿದು ಉದ್ದನೆಯ ಲೆನ್ಸ್‌ನಿಂದ ತೆಗೆದರೆ ಕಮಾನು ಮತ್ತು ಗೋಪುರ ಒಂದಕ್ಕೊಂದು ಹತ್ತಿರ ಬಂದಂತೆ ಕಾಣುತ್ತವೆ. ಅಗಲ ಕೋನದ ಮೊಬೈಲ್ ಕ್ಯಾಮೆರಾದಲ್ಲಿ ಗೋಪುರ ತೀರ ಸಣ್ಣದಾಗಿಬಿಡುತ್ತದೆ.

ಭಾನುವಾರ ಹಾಗೂ ಸಾರ್ವಜನಿಕ ರಜಾದಿನಗಳ ಸಂಜೆ ಸಾಮಾನ್ಯವಾಗಿ 7 ಗಂಟೆಗೆ ಅರಮನೆಗೆ ದೀಪಾಲಂಕಾರ ಮಾಡಲಾಗುತ್ತದೆ. ಕಟ್ಟಡದ ಅಂಚು, ಕಮಾನು, ಗುಮ್ಮಟಗಳ ಉದ್ದಕ್ಕೂ ಜೋಡಿಸಿರುವ ಸುಮಾರು ಒಂದು ಲಕ್ಷ ವಿದ್ಯುದ್ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುತ್ತವೆ. ಛಾಯಾಗ್ರಾಹಕರ ದೃಷ್ಟಿಯಿಂದ ಇಲ್ಲಿ ಋತುವಿನ ಪಾತ್ರ ದೊಡ್ಡದು. ಜೂನ್, ಜುಲೈ ತಿಂಗಳಲ್ಲಿ ಸೂರ್ಯ ಮುಳುಗುವುದೇ 6.50ರ ಆಸುಪಾಸಿನಲ್ಲಿ, 7 ಗಂಟೆಗೆ ದೀಪಗಳು ಹೊತ್ತಿದಾಗ ಹಿನ್ನೆಲೆಯಲ್ಲಿ ಇನ್ನೂ ನೀಲಿ ಆಕಾಶವಿರುತ್ತದೆ, ಮೋಡಗಳಿಗೆ ಬಣ್ಣವಿರುತ್ತದೆ, ಗುಮ್ಮಟಗಳ ಆಕಾರವೂ ತಿಳಿಯುತ್ತದೆ. ನವೆಂಬರ್, ಡಿಸೆಂಬರ್‌ನಲ್ಲಿ ಅದೇ 7 ಗಂಟೆಗೆ ಕತ್ತಲು ಪೂರ್ತಿ ಇಳಿದಿರುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ದೀಪಗಳ ರೇಖಾಚಿತ್ರ ಮಾತ್ರ ಉಳಿಯುತ್ತದೆ. ಪ್ರವಾಸಿಗಳು ಇಷ್ಟಪಡುವ ಚಳಿಗಾಲಕ್ಕಿಂತ ಅವರು ತಪ್ಪಿಸಿಕೊಳ್ಳುವ ಮಳೆಗಾಲದಲ್ಲಿ ಈ ಚಿತ್ರ ಹೆಚ್ಚು ಚೆನ್ನಾಗಿ ಬರುವುದು ಇದೇ ಕಾರಣಕ್ಕೆ. ಮಳೆ ಬಂದು ನಿಂತಿದ್ದರೆ ಅಂಗಳದ ನೀರಿನಲ್ಲಿ ದೀಪಗಳ ಪ್ರತಿಬಿಂಬವೂ ಸಿಗುತ್ತದೆ.

ಸ್ವಯಂಚಾಲಿತ ಕ್ಯಾಮೆರಾ ಸುತ್ತಲಿನ ಕತ್ತಲೆಯನ್ನು ನೋಡಿ ಬೆಳಕನ್ನು ಹೆಚ್ಚಿಸುತ್ತದೆ. ಇದರಿಂದ ದೀಪಗಳ ಸಾಲು ಬಿಳಿಯ ಪಟ್ಟಿಯಂತಾಗಿ ಹಳದಿ ಬಣ್ಣ ಮಾಯವಾಗುತ್ತದೆ. ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಹಂತ ಇಳಿಸುವುದು, ವೈಟ್ ಬ್ಯಾಲೆನ್ಸನ್ನು ಹಗಲಿನ ಬೆಳಕಿಗೆ ಇಟ್ಟುಕೊಳ್ಳುವುದು ಇದಕ್ಕೆ ಪರಿಹಾರ. ಫ್ಲ್ಯಾಶ್‌ನ ಬೆಳಕು ಅಷ್ಟು ದೂರ ತಲುಪುವುದಿಲ್ಲ. ಅದು ಮುಂದೆ ನಿಂತವರ ಬೆನ್ನನ್ನು ಮಾತ್ರ ಬೆಳಗಿಸುತ್ತದೆ. ಜನಸಂದಣಿಯಲ್ಲಿ ಮುಕ್ಕಾಲಿ ಹೂಡಲು ಜಾಗ ಸಿಗುವುದು ಕಷ್ಟವಾದ್ದರಿಂದ ಕಟ್ಟೆ ಅಥವಾ ಕಂಬಕ್ಕೆ ಕ್ಯಾಮೆರಾವನ್ನು ಒತ್ತಿ ಹಿಡಿಯುವುದು ರೂಢಿ.

ಒಳಾಂಗಣದಲ್ಲಿ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿ ಮತ್ತು ದರ್ಬಾರ್ ಸಭಾಂಗಣದ ಕಂಬಗಳ ಸಾಲು ಹೆಸರಾಗಿವೆ. ಒಳಗೆ ಛಾಯಾಗ್ರಹಣದ ನಿಯಮಗಳು ಕಾಲಕಾಲಕ್ಕೆ ಬದಲಾಗಿರುವುದರಿಂದ ಟಿಕೆಟ್ ಪಡೆಯುವಾಗಲೇ ವಿಚಾರಿಸಿಕೊಳ್ಳಬೇಕು.

ಅರಮನೆಯ ಹೊರಗೆ ಕಾಳು ಚೆಲ್ಲಿ, ನೂರಾರು ಪಾರಿವಾಳಗಳನ್ನು ಒಮ್ಮೆಗೇ ಎಬ್ಬಿಸಿ, ಅವುಗಳ ನಡುವೆ ಅರಮನೆ ಕಾಣುವಂತೆ ಚಿತ್ರ ತೆಗೆಯುವ ಅಭ್ಯಾಸ ವ್ಯಾಪಕವಾಗಿ ಬೆಳೆದಿತ್ತು. ಪಾರಿವಾಳದ ಹಿಕ್ಕೆಯಲ್ಲಿರುವ ಆಮ್ಲವು ಕಲ್ಲು ಮತ್ತು ಗಾರೆಯನ್ನು ಕ್ರಮೇಣ ಕೊರೆಯುತ್ತದೆ, ಅದರ ಧೂಳು ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಪಾರಂಪರಿಕ ಕಟ್ಟಡಗಳ ಪರವಾಗಿ ಮಾತನಾಡುವವರು ಈ ಕಾರಣದಿಂದ ಅದನ್ನು ವಿರೋಧಿಸುತ್ತ ಬಂದಿದ್ದಾರೆ. ಕಟ್ಟಡದ ಅಂದವನ್ನು ತೋರಿಸಲು ತೆಗೆದ ಚಿತ್ರವೇ ಆ ಕಟ್ಟಡಕ್ಕೆ ಕೇಡಾಗುವ ಈ ಉದಾಹರಣೆಯನ್ನು ಗಮನದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಚಾಮುಂಡಿ ಬೆಟ್ಟ

ನಗರದ ಆಗ್ನೇಯಕ್ಕಿರುವ ಚಾಮುಂಡಿ ಬೆಟ್ಟವು ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್ ಎತ್ತರವಿದೆ, ಅಂದರೆ ನಗರಕ್ಕಿಂತ ಸುಮಾರು 300 ಮೀಟರ್ ಮೇಲೆ. ರಸ್ತೆಯ ಬದಿಯ ವೀಕ್ಷಣಾ ಸ್ಥಳಗಳಿಂದ ನಗರದ ನಡುಭಾಗ ಉತ್ತರ–ವಾಯವ್ಯ ದಿಕ್ಕಿನಲ್ಲಿ ಕಾಣುತ್ತದೆ. ಬೆಳಿಗ್ಗೆ ಬಲಗಡೆಯಿಂದ, ಸಂಜೆ ಎಡಗಡೆಯಿಂದ ಬೆಳಕು ಬೀಳುವುದರಿಂದ ಎರಡೂ ಹೊತ್ತು ಕಟ್ಟಡಗಳಿಗೆ ಒಂದು ಬದಿಯ ನೆರಳಿದ್ದು ಅವು ಎದ್ದು ಕಾಣುತ್ತವೆ. ಆದರೆ ಅರಮನೆಯ ನೆತ್ತಿಯ ಮೇಲೆ ಸೂರ್ಯ ಮುಳುಗುವ ಚಿತ್ರವನ್ನು ಇಲ್ಲಿಂದ ನಿರೀಕ್ಷಿಸುವಂತಿಲ್ಲ. ವರ್ಷದ ಯಾವ ದಿನವೂ ಸೂರ್ಯ ಅಷ್ಟು ಉತ್ತರಕ್ಕೆ ಸರಿಯುವುದಿಲ್ಲ. ಜೂನ್ ತಿಂಗಳಲ್ಲಿಯೂ ಅವನು ಅರಮನೆಯಿಂದ ಸಾಕಷ್ಟು ಎಡಕ್ಕೇ ಮುಳುಗುತ್ತಾನೆ. ಭಾನುವಾರ ಸಂಜೆ ಇಲ್ಲಿಂದ ದೀಪಗಳಿಂದ ಬೆಳಗುವ ಅರಮನೆ ಹೊಂಬಣ್ಣದ ಚುಕ್ಕೆಯಂತೆ ಕಾಣುತ್ತದೆ. ಉದ್ದನೆಯ ಲೆನ್ಸ್ ಮತ್ತು ಮುಕ್ಕಾಲಿ ಇಲ್ಲದೆ ಆ ಚಿತ್ರ ದಕ್ಕುವುದಿಲ್ಲ.

ಬುಡದಿಂದ ಮೇಲಕ್ಕೆ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ದೊಡ್ಡ ದೇವರಾಜ ಒಡೆಯರ (ಆಳ್ವಿಕೆ 1659–1673) ಕಾಲದಲ್ಲಿ ಇವನ್ನು ಕಟ್ಟಿಸಲಾಯಿತು. ಅದೇ ಕಾಲದ ಏಕಶಿಲಾ ನಂದಿಯು ಮೆಟ್ಟಿಲು ದಾರಿಯ ಮಧ್ಯದಲ್ಲಿದ್ದು ಸುಮಾರು 16 ಅಡಿ ಎತ್ತರ, 25 ಅಡಿ ಉದ್ದವಿದೆ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಅರಿಸಿನ, ಕುಂಕುಮ ಹಚ್ಚುತ್ತ ಬಾಗಿ ಏರುತ್ತಾರೆ. ಬೆಳಗಿನ ಓರೆ ಬಿಸಿಲಿನಲ್ಲಿ ಆ ಮೆಟ್ಟಿಲುಗಳೇ ಒಂದು ಚಿತ್ರ. ಏರುವವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಕಾದ ಅಗತ್ಯವಿಲ್ಲ. ಕಾರ್ತಿಕ ಮಾಸದಲ್ಲಿ ನಂದಿಗೆ ಹಾಲು, ಮೊಸರು, ಅರಿಸಿನ, ಕುಂಕುಮಗಳ ಮಹಾಭಿಷೇಕ ನಡೆಯುತ್ತದೆ. ಕಪ್ಪು ಕಲ್ಲಿನ ಮೇಲೆ ಒಂದೊಂದಾಗಿ ಬಣ್ಣ ಇಳಿಯುವ ಆ ಕೆಲವು ಗಂಟೆಗಳಿಗಾಗಿ ಛಾಯಾಗ್ರಾಹಕರು ದೂರದೂರದಿಂದ ಬರುತ್ತಾರೆ.

ಮೇಲಿನ ಚಾಮುಂಡೇಶ್ವರಿ ದೇವಾಲಯದ ಏಳು ಅಂತಸ್ತಿನ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿಸಿದರು. ಗರ್ಭಗುಡಿಯ ಚಿತ್ರ ತೆಗೆಯುವಂತಿಲ್ಲ. ಬೆಟ್ಟ ಮೀಸಲು ಅರಣ್ಯವಾಗಿದ್ದು ಚಿರತೆಗಳ ಸಂಚಾರವಿರುವುದರಿಂದ ಕತ್ತಲಾದ ಮೇಲೆ ಮೆಟ್ಟಿಲು ದಾರಿಯಲ್ಲಿ ಒಂಟಿಯಾಗಿ ಉಳಿಯುವುದು ಸರಿಯಲ್ಲ. ಬೆಟ್ಟದ ಮಣ್ಣು ಸಡಿಲವಾಗಿದೆ ಎಂಬುದು 2021ರ ಅಕ್ಟೋಬರ್ ಮಳೆಯಲ್ಲಿ ನಂದಿಯ ಕಡೆಯ ರಸ್ತೆ ಕುಸಿದಾಗ ಎದ್ದು ಕಂಡಿತು. ರೋಪ್‌ವೇ ನಿರ್ಮಿಸುವ ಪ್ರಸ್ತಾವಗಳು ಮತ್ತೆ ಮತ್ತೆ ಬಂದಿದ್ದು, ಬೆಟ್ಟದ ಒಡಲು ಮತ್ತು ನೋಟ ಎರಡೂ ಕೆಡುತ್ತವೆ ಎಂದು ನಾಗರಿಕರು ಅವನ್ನು ವಿರೋಧಿಸಿದ್ದಾರೆ.

ದೇವರಾಜ ಮಾರುಕಟ್ಟೆ ಮತ್ತು ಹಳೆಯ ಪೇಟೆ

ಸಯ್ಯಾಜಿರಾವ್ ರಸ್ತೆಯ ಬದಿಯಲ್ಲಿರುವ ದೇವರಾಜ ಮಾರುಕಟ್ಟೆ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈಗಿನ ರೂಪ ಪಡೆಯಿತು. ಮೈಸೂರು ಮಲ್ಲಿಗೆ, ಸೇವಂತಿಗೆ, ಕನಕಾಂಬರ, ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಅಗರಬತ್ತಿ, ಗೋಪುರದಂತೆ ಜೋಡಿಸಿದ ಬಣ್ಣಬಣ್ಣದ ಕುಂಕುಮದ ರಾಶಿಗಳು ಇಲ್ಲಿನ ಆಕರ್ಷಣೆ. ಕುಂಕುಮದ ರಾಶಿಯ ಚಿತ್ರ ಮೈಸೂರಿನ ಬಗೆಗಿನ ಪ್ರತಿಯೊಂದು ಜಾಹೀರಾತಿನಲ್ಲಿಯೂ ಬಂದುಹೋಗಿದೆ. ಹೊಸಬರು ಅದನ್ನು ತೆಗೆದು ಮುಗಿಸಿದ ಬಳಿಕ ಹೂವಿನ ಸಾಲಿನಲ್ಲಿ ಹೊತ್ತು ಕಳೆಯುವುದು ಹೆಚ್ಚು ಫಲಕಾರಿ. ಬೆಳಿಗ್ಗೆ ಹೂವಿನ ಮೂಟೆಗಳನ್ನು ಬಿಚ್ಚಿ ರಾಶಿ ಹಾಕುತ್ತಾರೆ. ಹಾರ ಕಟ್ಟುವವರ ಬೆರಳುಗಳ ವೇಗ, ಮೊಳದಲ್ಲಿ ಅಳೆಯುವ ಕೈ, ತಕ್ಕಡಿಯ ಸುತ್ತ ಚೌಕಾಸಿ ಎಲ್ಲವೂ ಆಗ ಒಟ್ಟಿಗೆ ನಡೆಯುತ್ತವೆ. ಚಾವಣಿಯ ಸಂದುಗಳಿಂದ ಓರೆಯಾಗಿ ಇಳಿಯುವ ಬಿಸಿಲಿನ ಕೋಲುಗಳು ಕಿರಿದಾದ ಓಣಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಹಬ್ಬದ ಹಿಂದಿನ ದಿನ ಜನಸಂದಣಿ ಹೆಚ್ಚು, ನಿಂತು ತೆಗೆಯಲು ಜಾಗ ಕಡಿಮೆ.

ಇದು ಪ್ರದರ್ಶನಕ್ಕೆ ಇಟ್ಟ ಮಾರುಕಟ್ಟೆಯಲ್ಲ. ಬೆಳಗಿನ ವ್ಯಾಪಾರದ ಹೊತ್ತಿನಲ್ಲಿ ಓಣಿಗೆ ಅಡ್ಡ ನಿಂತವರು ಮೂಟೆ ಹೊತ್ತು ಬರುವವರ ದಾರಿ ತಡೆಯುತ್ತಾರೆ. ವ್ಯಾಪಾರಿಗಳ ಚಿತ್ರ ತೆಗೆಯುವ ಮೊದಲು ಒಂದು ಮಾತು ಕೇಳುವುದು, ಬೇಡವೆಂದರೆ ಕ್ಯಾಮೆರಾ ಇಳಿಸುವುದು, ಒಂದು ಮೊಳ ಹೂವನ್ನೋ ಒಂದು ಚಿಪ್ಪು ಬಾಳೆಹಣ್ಣನ್ನೋ ಕೊಳ್ಳುವುದು ಇಲ್ಲಿನ ಸೌಜನ್ಯ. ಅನುಮತಿ ಕೇಳಿದರೆ ಸಹಜತೆ ಹೋಗುತ್ತದೆ ಎಂಬ ಆಕ್ಷೇಪವಿದೆ. ಅರ್ಧ ಗಂಟೆ ಅಲ್ಲಿಯೇ ಇದ್ದರೆ ವ್ಯಾಪಾರಿಗಳು ಕ್ಯಾಮೆರಾವನ್ನು ಮರೆತು ಕೆಲಸಕ್ಕೆ ಮರಳುತ್ತಾರೆ, ಆ ಸಹಜತೆ ತಾನಾಗಿ ಹಿಂದಿರುಗುತ್ತದೆ.

ಇಂಥ ದಿನನಿತ್ಯದ ಬದುಕಿನ ಛಾಯಾಗ್ರಹಣಕ್ಕೆ ಮೈಸೂರಿನಲ್ಲಿಯೇ ದೊಡ್ಡ ಮಾದರಿಯೊಂದಿದೆ. ಪತ್ರಿಕಾ ಛಾಯಾಗ್ರಾಹಕ ಟಿ. ಎಸ್. ಸತ್ಯನ್ (1923–2009) ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ದೇಶವಿದೇಶಗಳಲ್ಲಿ ದುಡಿದು, ಕೊನೆಯ ವರ್ಷಗಳನ್ನು ಇದೇ ಊರಿನಲ್ಲಿ ಕಳೆದರು. 1977ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಕನ್ನಡದಲ್ಲಿ ಅವರ ನೆನಪುಗಳ ಪುಸ್ತಕ ‘ಕಾಲಕ್ಕೆ ಕನ್ನಡಿ’. ಅವರ ಹೆಸರಾಂತ ಕಪ್ಪು-ಬಿಳುಪು ಚಿತ್ರಗಳಲ್ಲಿ ಮಕ್ಕಳು, ದುಡಿಯುವವರು, ಬೀದಿಯಲ್ಲಿ ಹೋಗುವವರು ಮುಖ್ಯವಾಗಿದ್ದು, ಸ್ಮಾರಕಗಳು ಹಿನ್ನೆಲೆಗೆ ಸರಿದಿರುತ್ತವೆ. ಸ್ಥಳಗಳನ್ನು ಹುಡುಕಿಕೊಂಡು ಹೊರಡುವ ವಿದ್ಯಾರ್ಥಿಗಳು ಮೊದಲು ಆ ಚಿತ್ರಗಳನ್ನು ನೋಡುವುದು ಉಪಯುಕ್ತ.

ಮಾರುಕಟ್ಟೆಯ ಸುತ್ತ ಹತ್ತು ನಿಮಿಷದ ನಡಿಗೆಯಲ್ಲಿ ಚಿಕ್ಕ ಗಡಿಯಾರ, ಕೃಷ್ಣರಾಜ ವೃತ್ತ, ಚಾಮರಾಜ ವೃತ್ತ ಮತ್ತು ದೊಡ್ಡ ಗಡಿಯಾರ ಸಿಗುತ್ತವೆ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ನಿರ್ಮಿಸಿದ ದೊಡ್ಡ ಗಡಿಯಾರದ ಮುಖದಲ್ಲಿ ಅಂಕಿಗಳು ಕನ್ನಡದಲ್ಲಿವೆ. ಹತ್ತಿರದಿಂದ ಗೋಪುರವನ್ನು ಮಾತ್ರ ತೆಗೆಯುವವರು ಈ ಅಂಕಿಗಳನ್ನು ಗಮನಿಸದೆ ಹೋಗುವುದುಂಟು. ವೃತ್ತಗಳಲ್ಲಿ ವಾಹನ ಸಂಚಾರ ದಟ್ಟವಾಗಿರುವುದರಿಂದ ಭಾನುವಾರ ಬೆಳಿಗ್ಗೆ 7 ಗಂಟೆಗೆ ಮೊದಲೇ ಹೋಗುವುದು ಅನುಕೂಲ.

ಈ ಪೇಟೆಯ ದೃಶ್ಯ ಅಪಾಯದಲ್ಲಿದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಪ್ರಾಣಹಾನಿಯಾಯಿತು; ಅದರ ಕಂಬಸಾಲಿನ ಕೆಳಗಿದ್ದ ಹಳೆಯ ಪುಸ್ತಕದ ಅಂಗಡಿಗಳ ಚಿತ್ರಗಳು ಈಗ ದಾಖಲೆಗಳಾಗಿವೆ. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಕಟ್ಟಡಗಳು ಶಿಥಿಲವಾಗಿರುವುದರಿಂದ ಕೆಡವಿ ಅದೇ ಶೈಲಿಯಲ್ಲಿ ಮರಳಿ ಕಟ್ಟಬೇಕೆಂಬ ವಾದ ಒಂದು ಕಡೆ, ದುರಸ್ತಿ ಮಾಡಿ ಉಳಿಸಿಕೊಳ್ಳಬೇಕೆಂಬ ವಾದ ಇನ್ನೊಂದು ಕಡೆ. ವಿವಾದ ನ್ಯಾಯಾಲಯದವರೆಗೂ ಹೋಯಿತು. ನಿತ್ಯ ಆ ಸೂರಿನ ಕೆಳಗೆ ಕುಳಿತು ವ್ಯಾಪಾರ ಮಾಡುವವರಿಗೆ ಇದು ಜೀವ ಮತ್ತು ಜೀವನೋಪಾಯ ಎರಡರ ಪ್ರಶ್ನೆ. ವಾರಾಂತ್ಯದ ಪ್ರವಾಸಿ ತೆಗೆದ ಸಾಮಾನ್ಯ ಚಿತ್ರವೂ ಇಲ್ಲಿ ಬೆಲೆಯುಳ್ಳದ್ದು. ದಿನಾಂಕ, ಸ್ಥಳ, ಯಾವ ದಿಕ್ಕಿನಿಂದ ತೆಗೆದದ್ದು ಎಂಬ ವಿವರಗಳನ್ನು ಬರೆದಿಟ್ಟರೆ ಕಮಾನು, ಮರದ ತೊಲೆ, ಹೆಂಚಿನ ಸೂರುಗಳ ಚಿತ್ರಗಳು ಮುಂದಿನ ಅಧ್ಯಯನಕ್ಕೆ ಒದಗುತ್ತವೆ.

ಕೆರೆಗಳು

ಮೈಸೂರು ವಿಶ್ವವಿದ್ಯಾನಿಲಯದ ಆವರಣಕ್ಕೆ ಸೇರಿದ ಕುಕ್ಕರಹಳ್ಳಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದರು. ಕುವೆಂಪು ಅವರ ವಿಹಾರದ ಜಾಗವಾಗಿ ಈ ಕೆರೆ ಕನ್ನಡ ಓದುಗರಿಗೆ ಪರಿಚಿತ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆಗಳನ್ನು ಇಲ್ಲಿ ನಗರದ ನಡುವೆಯೇ ಕಾಣಬಹುದು. ಸೂರ್ಯ ಮುಳುಗುವುದನ್ನು ನೀರಿನ ಮೇಲೆ ನೋಡಬೇಕಾದರೆ ಪೂರ್ವದ ದಡದಲ್ಲಿಯೂ ಮಂಜಿನ ಹಿಂದಿನಿಂದ ಬರುವ ಬೆಳಗಿನ ಬೆಳಕು ಬೇಕಾದರೆ ಪಶ್ಚಿಮದ ಕಡೆಯಲ್ಲಿಯೂ ನಿಲ್ಲಬೇಕು. ಬೆಳಿಗ್ಗೆ ವಾಯುವಿಹಾರಕ್ಕೆ ಬರುವವರು ಬಹಳ. ಮರಗಳ ನಡುವೆ ಸಾಗುವ ಅವರ ನೆರಳಾಕೃತಿಗಳು ಹಕ್ಕಿಗಳಷ್ಟೇ ಒಳ್ಳೆಯ ವಸ್ತು.

ಮೃಗಾಲಯಕ್ಕೆ ಹೊಂದಿಕೊಂಡಿರುವ ಕಾರಂಜಿ ಕೆರೆಯಲ್ಲಿ ಒಳಗೆ ನಡೆದುಹೋಗಬಹುದಾದ ದೊಡ್ಡ ಪಕ್ಷಿಪಂಜರ ಮತ್ತು ಚಿಟ್ಟೆ ಉದ್ಯಾನವಿದೆ. ಎರಡೂ ಮಂಗಳವಾರ ಮುಚ್ಚಿರುತ್ತವೆ. ವಾರಾಂತ್ಯದಲ್ಲಿ ತೆರೆದಿದ್ದರೂ ಜನ ಹೆಚ್ಚು.

ಇತರ ಕಟ್ಟಡಗಳು

ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದರು. ಜರ್ಮನಿಯ ಕಲೋನ್ ಕೆಥೆಡ್ರಲ್ ಮಾದರಿಯ ನಿಯೋ-ಗೋಥಿಕ್ ಕಟ್ಟಡದ ಅವಳಿ ಶಿಖರಗಳು ಸುಮಾರು 175 ಅಡಿ ಎತ್ತರವಿವೆ. ಹತ್ತಿರ ನಿಂತು ಕ್ಯಾಮೆರಾವನ್ನು ಮೇಲಕ್ಕೆ ವಾಲಿಸಿದರೆ ಶಿಖರಗಳು ಒಂದರ ಕಡೆಗೊಂದು ಬಾಗಿದಂತೆ ಕಾಣುತ್ತವೆ. ಆವರಣದ ಅಂಚಿಗೆ ಹಿಂದೆ ಸರಿದು, ಕ್ಯಾಮೆರಾವನ್ನು ಮಟ್ಟವಾಗಿ ಹಿಡಿದು, ಬೇಡವಾದ ಕೆಳಭಾಗವನ್ನು ಆಮೇಲೆ ಕತ್ತರಿಸಿ ತೆಗೆಯುವುದು ಸುಲಭದ ದಾರಿ. ಒಳಗೆ ಛಾಯಾಗ್ರಹಣ ನಿಷಿದ್ಧ.

1861ರ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿಯೂ ಕ್ಯಾಮೆರಾಕ್ಕೆ ಅವಕಾಶವಿಲ್ಲ. ಆದರೂ ಬೆಳಕನ್ನು ಕಲಿಯಲು ಅಲ್ಲಿಗೆ ಹೋಗಬೇಕು. ಎಸ್. ಎಲ್. ಹಲ್ದನ್‌ಕರ್ ಅವರ ದೀಪ ಹಿಡಿದ ಹೆಣ್ಣಿನ ಜಲವರ್ಣದಲ್ಲಿ ಬೆರಳುಗಳ ಸಂದಿನಿಂದ ಬರುವ ಬೆಳಕು ಮಾತ್ರವೇ ಮುಖವನ್ನು ತೋರಿಸುತ್ತದೆ. ಇದನ್ನು ರಾಜಾ ರವಿವರ್ಮರ ಕೃತಿಯೆಂದು ತಪ್ಪಾಗಿ ಹೇಳುವವರು ಇಂದಿಗೂ ಇದ್ದಾರೆ. ಬೆಟ್ಟದ ತಪ್ಪಲಿನ ಬಿಳಿಯ ಲಲಿತ ಮಹಲ್‌ಗೆ (ವಿನ್ಯಾಸ: ಇ. ಡಬ್ಲ್ಯು. ಫ್ರಿಚ್ಲಿ, ಅಡಿಗಲ್ಲು: 1921) ನಡುಹಗಲಿನಲ್ಲಿ ಕಣ್ಣು ಕೋರೈಸುವ ಬಿಳುಪು, ಸಂಜೆಯಲ್ಲಿ ತಿಳಿಗುಲಾಬಿ, ಹೋಟೆಲ್ ಆಗಿರುವುದರಿಂದ ಪ್ರವೇಶಕ್ಕೆ ಅದರದೇ ನಿಯಮಗಳಿವೆ.

ನಗರದ ಹೊರಗೆ

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ರಂಗನತಿಟ್ಟು ಪಕ್ಷಿಧಾಮವನ್ನು ಪಕ್ಷಿತಜ್ಞ ಸಲೀಂ ಅಲಿ ಅವರ ಸಲಹೆಯ ಮೇರೆಗೆ 1940ರಲ್ಲಿ ಘೋಷಿಸಲಾಯಿತು. 2022ರಲ್ಲಿ ಇದು ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಚಳಿಗಾಲದಿಂದ ಬೇಸಿಗೆಯವರೆಗೆ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಬಿಳಿ ಕೆಂಬರಲು, ಹೆಜ್ಜಾರ್ಲೆಗಳು ಗೂಡು ಕಟ್ಟುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯುತ್ತವೆ. ದೋಣಿ ಅಲುಗಾಡುವುದರಿಂದ ಇಲ್ಲಿ ಮುಕ್ಕಾಲಿ ಉಪಯೋಗಕ್ಕೆ ಬರುವುದಿಲ್ಲ. ಷಟರ್ ವೇಗ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚಿರಬೇಕು. ಗೂಡಿಗೆ ಇನ್ನಷ್ಟು ಹತ್ತಿರ ಒಯ್ಯುವಂತೆ ಅಂಬಿಗರನ್ನು ಒತ್ತಾಯಿಸುವುದು ತಪ್ಪು. ಬೆದರಿದ ತಾಯಿಹಕ್ಕಿ ಎದ್ದುಹೋದರೆ ಮರಿಗಳು ಬಿಸಿಲಿಗೂ ಕಾಗೆ, ಹದ್ದುಗಳಿಗೂ ಗುರಿಯಾಗುತ್ತವೆ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ನೀರು ಬಿಟ್ಟಾಗ ದೋಣಿವಿಹಾರ ನಿಲ್ಲುತ್ತದೆ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ದರಿಯಾ ದೌಲತ್ (1784) ಮತ್ತು ಕಾವೇರಿಗೆ ಅಡ್ಡಲಾಗಿ ಕಲ್ಲಿನ ಕಂಬಗಳ ಮೇಲೆ 1804ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಇವೆ. ದರಿಯಾ ದೌಲತ್‌ನ ಒಳಗಿನ ಭಿತ್ತಿಚಿತ್ರಗಳನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವಂತಿಲ್ಲ. ಸೇತುವೆಯ ಕಂಬಗಳ ಸಾಲು ಬೇಸಿಗೆಯಲ್ಲಿ ನೀರು ಇಳಿದಾಗ ಪೂರ್ತಿಯಾಗಿ ಕಾಣುತ್ತದೆ.

ಸೋಮನಾಥಪುರದ ಕೇಶವ ದೇವಾಲಯವನ್ನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 1268ರಲ್ಲಿ ಕಟ್ಟಿಸಿದನು. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೇವಾಲಯ ಪೂರ್ವಾಭಿಮುಖವಾಗಿದ್ದು, ಮೂರು ವಿಮಾನಗಳಿರುವ ಹಿಂಭಾಗಕ್ಕೆ ಮಧ್ಯಾಹ್ನದ ನಂತರ ಬಿಸಿಲು ಬೀಳುತ್ತದೆ. ಗೋಡೆಯ ಉಬ್ಬುಶಿಲ್ಪಗಳು ಎದುರಿನ ಬೆಳಕಿನಲ್ಲಿ ಚಪ್ಪಟೆಯಾಗಿ ಕಾಣುತ್ತವೆ, ಓರೆ ಬೆಳಕಿನಲ್ಲಿ ಎದ್ದುಬರುತ್ತವೆ. ಗೋಡೆ ನಕ್ಷತ್ರಾಕಾರದಲ್ಲಿ ಮಡಚಿಕೊಂಡಿರುವುದರಿಂದ ಯಾವ ಗಳಿಗೆಯಲ್ಲಿಯೂ ಯಾವುದೋ ಒಂದು ಮುಖಕ್ಕೆ ಓರೆ ಬೆಳಕು ಸಿಕ್ಕೇ ಸಿಗುತ್ತದೆ. ಜಗಲಿಯ ಮೇಲೆ ಒಂದು ಸುತ್ತು ಬಂದು ಅದನ್ನು ಕಂಡುಕೊಳ್ಳಬೇಕು. ಕೆಲವು ಮೂರ್ತಿಗಳ ಪೀಠದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕೆತ್ತಿದೆ. ಮುಕ್ಕಾಲಿ ಬಳಸಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು.

ದಸರಾ ಮತ್ತು ತಾಲೀಮು

ವಿಜಯದಶಮಿಯ ದಿನ ಸುಮಾರು 750 ಕೆ.ಜಿ. ತೂಕದ ಚಿನ್ನದ ಅಂಬಾರಿಯನ್ನು ಹೊತ್ತ ಆನೆ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಸಾಗುತ್ತದೆ. ಅಂದು ಪಾಸ್ ಇಲ್ಲದವರಿಗೆ ಒಳ್ಳೆಯ ಜಾಗ ಸಿಗುವುದು ಅಪರೂಪ, ಬೆಳಿಗ್ಗೆಯಿಂದಲೇ ರಸ್ತೆಯ ಬದಿಯಲ್ಲಿ ಕುಳಿತವರಿಗೂ ಮುಂದಿನವರ ತಲೆಗಳೇ ಅಡ್ಡ. ಆದರೆ ಆನೆಗಳು ಕಾಡಿನ ಶಿಬಿರಗಳಿಂದ ಹಲವು ವಾರ ಮೊದಲೇ ಬಂದು ಅರಮನೆಯಲ್ಲಿ ಬೀಡುಬಿಡುತ್ತವೆ, ಅದೇ ದಾರಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ ತಾಲೀಮು ನಡೆಸುತ್ತವೆ. ಮೊದಲು ಬರಿಮೈಯಲ್ಲಿ, ಆಮೇಲೆ ಮರಳ ಮೂಟೆ ಹೊತ್ತು, ಕೊನೆಗೆ ಮರದ ಅಂಬಾರಿ ಹೊತ್ತು ನಡೆಯುತ್ತವೆ. ಹಬ್ಬಕ್ಕೆ ಎರಡು, ಮೂರು ವಾರ ಮೊದಲಿನ ವಾರಾಂತ್ಯದಲ್ಲಿ ಹೋದವರಿಗೆ ಸಯ್ಯಾಜಿರಾವ್ ರಸ್ತೆಯ ಹಳೆಯ ಕಟ್ಟಡಗಳ ನಡುವೆ ಎಳೆಬಿಸಿಲಿನಲ್ಲಿ ನಡೆದುಬರುವ ಆನೆಗಳನ್ನು ಸಮಾಧಾನವಾಗಿ ನೋಡುವ ಅವಕಾಶವಿರುತ್ತದೆ. ಆನೆಗಳ ಮುಂದೆ ಫ್ಲ್ಯಾಶ್ ಬಳಸಬಾರದು, ಸ್ವಂತ ಚಿತ್ರಕ್ಕೆಂದು ಹತ್ತಿರ ನುಗ್ಗಬಾರದು. ಮಾವುತರು ಹೇಳಿದ ಅಂತರದಲ್ಲಿಯೇ ಇರಬೇಕು.

ಎರಡು ದಿನಗಳ ಹೊಂದಾಣಿಕೆ

ಶನಿವಾರ ಬೆಳಿಗ್ಗೆ ಬೆಂಗಳೂರಿನಿಂದ ಹೊರಡುವವರು ದಾರಿಯಲ್ಲೇ ಸಿಗುವ ರಂಗನತಿಟ್ಟು ಮತ್ತು ಶ್ರೀರಂಗಪಟ್ಟಣವನ್ನು ಮೊದಲು ಮುಗಿಸಿ, ಮಧ್ಯಾಹ್ನದ ನಂತರ ಸೋಮನಾಥಪುರಕ್ಕೆ ಹೋಗಬಹುದು ಅಥವಾ ಸಂಜೆಗೆ ಬೆಟ್ಟ ಏರಬಹುದು. ಒಂದೇ ಸಂಜೆ ಎರಡನ್ನೂ ಹಿಡಿಯಲು ಹೋದರೆ ಎರಡೂ ಕೈತಪ್ಪುತ್ತವೆ. ಭಾನುವಾರ ಸೂರ್ಯೋದಯಕ್ಕೆ ಜಯಮಾರ್ತಾಂಡ ದ್ವಾರ, ಅಲ್ಲಿಂದ ನಡೆದುಕೊಂಡೇ ಗಡಿಯಾರಗಳು ಮತ್ತು ಮಾರುಕಟ್ಟೆ, ನಡುಹಗಲಿನಲ್ಲಿ ಜಗನ್ಮೋಹನ ಚಿತ್ರಶಾಲೆ, ಸಂಜೆ ಕುಕ್ಕರಹಳ್ಳಿ, 7 ಗಂಟೆಗೆ ಅರಮನೆ ಎಂಬ ಕ್ರಮ ಬೆಳಕಿಗೆ ಹೊಂದುತ್ತದೆ. ಜೂನ್, ಜುಲೈನಲ್ಲಿ ಸೂರ್ಯಾಸ್ತಕ್ಕೂ ದೀಪಾಲಂಕಾರಕ್ಕೂ ನಡುವೆ ಹತ್ತೇ ನಿಮಿಷ ಇರುವುದರಿಂದ ಆಗ ಕೆರೆಯನ್ನು ಬಿಟ್ಟುಬಿಡಬೇಕು. ದೀಪಾಲಂಕಾರ ಮುಗಿಸಿ ಹೊರಡುವವರು ಅದೇ ರಾತ್ರಿ ಊರು ಸೇರುವುದು ತಡವಾಗುತ್ತದೆ ಎಂಬುದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕಾನೂನು ಮತ್ತು ಬಳಕೆ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನ ಪ್ರಕಾರ ಕಟ್ಟಡಗಳ ಹಾಗೂ ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರಿಸಿರುವ ಶಿಲ್ಪಗಳ ಛಾಯಾಚಿತ್ರ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಅರಮನೆ, ಗಡಿಯಾರ, ವೃತ್ತದ ಪ್ರತಿಮೆಗಳ ಚಿತ್ರಗಳನ್ನು ಮುಕ್ತ ಪರವಾನಗಿಯಡಿ ಹಂಚಿಕೊಳ್ಳಲು ಇದರಿಂದ ಅನುಕೂಲವಾಗಿದೆ. ಚಿತ್ರಶಾಲೆಯ ವರ್ಣಚಿತ್ರಗಳಿಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಒಳಾಂಗಣದಲ್ಲಿ ಕ್ಯಾಮೆರಾ ನಿಷೇಧಿಸುವ ಆಡಳಿತಗಳ ನಿಯಮ ಕೃತಿಸ್ವಾಮ್ಯಕ್ಕಿಂತ ಬೇರೆಯ ವಿಷಯ. ಅದನ್ನು ಪ್ರತ್ಯೇಕವಾಗಿ ಪಾಲಿಸಬೇಕು. ಡ್ರೋನ್ ಹಾರಿಸಲು 2021ರ ಡ್ರೋನ್ ನಿಯಮಗಳು ಅನ್ವಯವಾಗುತ್ತವೆ. ನಗರಕ್ಕೆ ಸಮೀಪದ ಮಂಡಕಳ್ಳಿಯಲ್ಲಿ ವಿಮಾನ ನಿಲ್ದಾಣವಿರುವುದರಿಂದ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆಯನ್ನು ನೋಡದೆ, ಅಗತ್ಯವಿರುವಲ್ಲಿ ಅನುಮತಿ ಪಡೆಯದೆ ಹಾರಿಸುವಂತಿಲ್ಲ.